ಅಜ್ಜಿ-ತಾತಂದಿರ ಆರೈಕೆ ಕಲಿಯಲು ಬೇರೆಯೇ ಪೇಪರ್ ಬೇಕೇ? ಪರ–ವಿರೋಧ

ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಓದುವ ಮಕ್ಕಳಿಗೆ ವಯಸ್ಸಾದವರ ಆರೈಕೆಯನ್ನು ಪ್ರತ್ಯೇಕ ಕಡ್ಡಾಯ ವಿಷಯವಾಗಿ ಕಲಿಸಬೇಕೇ? ಅದಕ್ಕೆ ಮೊದಲು ಕಲಿಸುವವರಿಗೇ ತರಬೇತಿ ಕೊಡಬೇಕೇ? ಕೋಲಾರ ಜಿಲ್ಲೆಯ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ನರ್ಸಿಂಗ್ ಶಿಕ್ಷಕಿ. ಇನ್ನೊಬ್ಬರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 22 ವರ್ಷ ಕೆಲಸ ಮಾಡಿದ ವೈದ್ಯರು.

ಪರ: "ವಯಸ್ಸಾಯ್ತು" ಅನ್ನುವುದು ಕಾಯಿಲೆಯ ಹೆಸರಲ್ಲ

ಮುಳಬಾಗಿಲು ಕಡೆಯ ಒಬ್ಬ ಅಜ್ಜಿ. ವಯಸ್ಸು ಎಪ್ಪತ್ತರ ಮೇಲೆ. ಸರಿಯಾಗಿ ಎಷ್ಟು ಅಂತ ಅವರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಬರೆದಿದ್ದಾರೆ. ಮಗ ಆಟೋದಲ್ಲಿ ಕರೆತಂದಿದ್ದ. "ಎರಡು ದಿನದಿಂದ ಮಂಕಾಗವ್ರೆ ಮೇಡಂ. ಯಾರನ್ನೂ ಗುರುತು ಹಿಡೀತಿಲ್ಲ. ಊಟ ಬೇಡ ಅಂತಾರೆ" ಅಂದ. ಮೊದಲು ನೋಡಿದ ಇಂಟರ್ನ್ ಹುಡುಗ "ವಯಸ್ಸಾಯ್ತಲ್ಲ" ಅಂದ. ನನ್ನ ಮೂರನೇ ವರ್ಷದ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ "ವಯೋಸಹಜ ಮರೆವು" ಅಂತ ಬರೆದುಕೊಂಡಳು.

ನಾನು ಮಗನ ಹತ್ತಿರ ಮಾತ್ರೆಗಳನ್ನು ಕೇಳಿದೆ. ಅವನು ಬಟ್ಟೆ ಅಂಗಡಿಯ ಒಂದು ಕವರ್ ತೆಗೆದು ಮಂಚದ ಮೇಲೆ ಸುರಿದ. ಹನ್ನೊಂದು ಸ್ಟ್ರಿಪ್. ಕೆಲವನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದರು, ಹೆಸರೂ ಇಲ್ಲ, ತಾರೀಕೂ ಇಲ್ಲ. ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ವಿಂಗಡಿಸಿದೆವು. ಬಿಪಿಗೆ ಎರಡು, ಗ್ಯಾಸಿಗೆ ಎರಡು, ಮಂಡಿ ನೋವಿಗೆ ಮೂರು, ನಿದ್ದೆಗೆ ಒಂದು, ಸಕ್ಕರೆ ಕಾಯಿಲೆಗೆ ಮೂರು. ಆ ಮೂರರಲ್ಲಿ ಎರಡು ಒಂದೇ ಔಷಧಿ, ಸಕ್ಕರೆ ಇಳಿಸುವ ಗ್ಲಿಮಿಪಿರೈಡ್. ಕಂಪನಿ ಬೇರೆ, ಮೇಲಿನ ಹೆಸರು ಬೇರೆ, ಬಣ್ಣ ಬೇರೆ. ಒಂದನ್ನು ಊರಿನ ಡಾಕ್ಟರು ಬರೆದಿದ್ದರು, ಇನ್ನೊಂದನ್ನು ಯಾವುದೋ ಕ್ಯಾಂಪಿನಲ್ಲಿ ಕೊಟ್ಟಿದ್ದರು. ಅಜ್ಜಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 46, ತೀರಾ ಕಡಿಮೆ.

ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ದ್ರಾವಣ, ಹಾಕಿದ ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟರು. ತೆಲುಗಿನಲ್ಲಿ ಮಗನನ್ನು ಕೇಳಿದ ಮೊದಲ ಮಾತು, ಹಸುವಿಗೆ ಮೇವು ಹಾಕಿ ಬಂದೆಯಾ ಅಂತ.

ಮಂಕಾಗಿ ಬಂದವರಿಗೆ ಮೊದಲು ಸಕ್ಕರೆ ನೋಡಬೇಕು. ಇದು ಆ ಇಂಟರ್ನ್‌ಗೂ ಗೊತ್ತಿತ್ತು, ನನ್ನ ವಿದ್ಯಾರ್ಥಿನಿಗೂ ಗೊತ್ತಿತ್ತು. ಇಪ್ಪತ್ತು ವರ್ಷದ ಹುಡುಗ ಹಾಗೆ ಬಂದಿದ್ದರೆ ಓಡಿಹೋಗಿ ನೋಡುತ್ತಿದ್ದರು. ಅಜ್ಜಿಯಾದ್ದರಿಂದ ನೋಡಲಿಲ್ಲ. ನಾನು ಅವಳನ್ನು ಬೈಯಲಿಲ್ಲ. ಹೇಗೆ ಬೈಯಲಿ? ನಾನೇ ಅವಳಿಗೆ ಕಲಿಸಿರಲಿಲ್ಲ. ನಾನು ಓದುವಾಗ ನನಗೂ ಯಾರೂ ಕಲಿಸಿರಲಿಲ್ಲ. ಮಾತ್ರೆಯ ಕವರ್ ಸುರಿಸಬೇಕು ಅನ್ನುವುದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲಿ ತಾಯಿಗೆ ಇಂಥದ್ದೇ ಆದ ಮೇಲೆ.

ಮಕ್ಕಳ ವಿಷಯದಲ್ಲಿ ಹೀಗಿಲ್ಲ, ಅಲ್ವಾ? ಮಗು ಅಂದರೆ ಪುಟ್ಟ ದೊಡ್ಡವರಲ್ಲ ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ಮಕ್ಕಳಿಗೆ ಬೇರೆ ವಿಭಾಗ ಇದೆ, ಬೇರೆ ಪರೀಕ್ಷೆ ಇದೆ. ತೂಕ ನೋಡದೆ ಮಗುವಿಗೆ ಯಾರೂ ಔಷಧಿ ಬರೆಯುವುದಿಲ್ಲ. ಎಪ್ಪತ್ತೈದು ವರ್ಷದವರ ಮೂತ್ರಪಿಂಡ, ಯಕೃತ್ತು, ಮೆದುಳು ಕೂಡ ನಲವತ್ತರವರ ಹಾಗೆ ಕೆಲಸ ಮಾಡುವುದಿಲ್ಲ. ಆದರೂ ಅದೇ ಡೋಸ್, ಅದೇ ಚೀಟಿ.

ವಯಸ್ಸಾದವರಲ್ಲಿ ಕಾಯಿಲೆ ಪುಸ್ತಕದಲ್ಲಿ ಇದ್ದ ಹಾಗೆ ಬರುವುದಿಲ್ಲ. ಹೃದಯಾಘಾತ ಆಗಿರುತ್ತದೆ, ಎದೆನೋವು ಇರುವುದಿಲ್ಲ, ಬರೀ ಸುಸ್ತು ಅಂತಾರೆ. ನ್ಯುಮೋನಿಯಾ ಇರುತ್ತದೆ, ಜ್ವರ ಇರುವುದಿಲ್ಲ. ಮೂತ್ರದ ಸೋಂಕು ಇರುತ್ತದೆ, ಬುದ್ಧಿ ಕಲಕಿದ ಹಾಗೆ ರಾತ್ರಿಯೆಲ್ಲ ಕೂಗಾಡುತ್ತಾರೆ. ಹೀಗೆ ಇದ್ದಕ್ಕಿದ್ದಂತೆ ಬರುವ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಅದು ಮರೆವಿನ ಕಾಯಿಲೆ ಅಲ್ಲ. ಕಾರಣ ಹುಡುಕಿದರೆ ಬಹಳ ಸಲ ವಾಸಿಯಾಗುತ್ತದೆ. ನೆಗಡಿ, ತುರಿಕೆಗೆ ಕೊಡುವ ಕೆಲವು ಸಾಮಾನ್ಯ ಮಾತ್ರೆಗಳೇ ಇದನ್ನು ತರಬಹುದು. ವಯಸ್ಸಾದವರಿಗೆ ಯಾವ ಔಷಧಿ ಕೊಡಬಾರದು ಅಂತ ಅಮೆರಿಕದ ಡಾ. ಮಾರ್ಕ್ ಬೀರ್ಸ್ 1991ರಲ್ಲೇ ಒಂದು ಪಟ್ಟಿ ಮಾಡಿದರು, 2023ರಲ್ಲೂ ಅದನ್ನು ಪರಿಷ್ಕರಿಸಿದ್ದಾರೆ. ನನ್ನ ಪರಿಚಯದ ಎಷ್ಟೋ ಶಿಕ್ಷಕರು ಆ ಹೆಸರನ್ನೇ ಕೇಳಿಲ್ಲ.

ಕಲಿಸಬೇಕಾದ ಎಲ್ಲದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕು ಅಂತ ಮೊಬೈಲ್ ಹಿಡಿದು ನೋಡಬಹುದು. 12 ಸೆಕೆಂಡಿಗಿಂತ ಜಾಸ್ತಿ ಆದರೆ ಅವರು ಬೀಳುವ ಸಾಧ್ಯತೆ ಇದೆ ಅಂತ ಎಚ್ಚರ ವಹಿಸಬೇಕು. ಮಲಗಿದ್ದಾಗ ಒಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20ರಷ್ಟೋ ಅದಕ್ಕಿಂತ ಹೆಚ್ಚೋ ಇಳಿದಿದ್ದರೆ ತಲೆ ಸುತ್ತಿಗೆ ಕಾರಣ ಅಲ್ಲೇ ಸಿಕ್ಕಿತು. ಆದರೆ ನಮ್ಮ ವಾರ್ಡುಗಳಲ್ಲಿ ನಿಲ್ಲಿಸಿ ಬಿಪಿ ನೋಡಿದವರನ್ನು ನಾನು ಕಂಡದ್ದು ತೀರಾ ಕಡಿಮೆ.

ನಮ್ಮ ಜಿಲ್ಲೆಯದೇ ಆದ ವಿಷಯಗಳೂ ಇವೆ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಜನ ಎಷ್ಟೋ ವರ್ಷ ಆಳದ ಬೋರ್‌ವೆಲ್ ನೀರನ್ನೇ ಕುಡಿದಿದ್ದಾರೆ, ಅದರಲ್ಲಿ ಮೂಳೆ, ಕೀಲು ಬಿಗಿಯಾಗಿಸುವ ಫ್ಲೋರೈಡ್ ಜಾಸ್ತಿ. ಬೆನ್ನು ಮರದ ಹಲಗೆಯಂತೆ ಗಟ್ಟಿಯಾದ, ಕತ್ತು ತಿರುಗಿಸಲಾಗದ ಅಜ್ಜಂದಿರು ಹಳ್ಳಿ ಹಳ್ಳಿಯಲ್ಲೂ ಸಿಗುತ್ತಾರೆ. ಬೇರೆ ಕಡೆಯಿಂದ ಓದಲು ಬಂದ ಮಕ್ಕಳು ಅದನ್ನೂ "ವಯಸ್ಸಿನ ವಾತ" ಅಂತ ಬರೆದುಬಿಡುತ್ತಾರೆ. ಇದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ವರ್ಷ ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ದೊಡ್ಡ ಅಧ್ಯಯನ ನಡೆಸುತ್ತಿದೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ವಯಸ್ಸಾದ ಮೆದುಳಿನ ಬಗ್ಗೆ ಕಲಿಯಲು ಇಷ್ಟು ಹತ್ತಿರದಲ್ಲಿ ಇಷ್ಟು ಇದ್ದರೂ ನನ್ನ ತರಗತಿಯ ಮಕ್ಕಳಿಗೆ ಅದರ ಸುದ್ದಿಯೇ ಇರಲಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು, ಅಂದರೆ ನೂರಕ್ಕೆ 8.6. ಆಮೇಲೆ ಅದು ಏರುತ್ತಲೇ ಇದೆ. ಬೆಳಿಗ್ಗೆ ಬಂಗಾರಪೇಟೆ, ಮಾಲೂರು ಸ್ಟೇಷನ್ನಿನಲ್ಲಿ ನಿಂತು ನೋಡಿ. ಹುಡುಗರೆಲ್ಲ ಬೆಂಗಳೂರಿನ ರೈಲು ಹತ್ತುತ್ತಾರೆ. ಹಗಲು ಹೊತ್ತು ಊರಿನಲ್ಲಿ ಉಳಿಯುವವರು ಯಾರು?

ಶಿಕ್ಷಕರ ತರಬೇತಿ ಮೊದಲು ಆಗಬೇಕು ಅನ್ನುವುದು ನನ್ನ ಮುಖ್ಯ ಮಾತು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವಯಸ್ಸಾದವರ ಚಿಕಿತ್ಸೆಯಲ್ಲಿ ಎಂಡಿ ಶುರುವಾದದ್ದು 1996ರಲ್ಲಿ. ಹಿರಿಯರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010-11ರಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡ್ ಇರಬೇಕು ಅಂತ ಅದರಲ್ಲೇ ಇದೆ. ಹಾಸಿಗೆ ಹಾಕುವುದು ಸುಲಭ. ಪಕ್ಕದಲ್ಲಿ ನಿಂತು ಕಲಿಸುವವರು ಎಲ್ಲಿ? ಅಮೆರಿಕದಲ್ಲಿ 2015ರಿಂದ ಸರ್ಕಾರವೇ ಇದಕ್ಕೆ ಹಣ ಕೊಡುತ್ತಿದೆ. ವಿದ್ಯಾರ್ಥಿಗಳು, ಕಲಿಸುವವರು, ಮನೆಯಲ್ಲಿ ನೋಡಿಕೊಳ್ಳುವವರು, ಎಲ್ಲರಿಗೂ ತರಬೇತಿ ಸಿಗಲಿ ಅಂತ. ನಮಗೆ ಅಷ್ಟು ದೊಡ್ಡದು ಬೇಡ. ತಿಂಗಳಿಗೆ ಒಂದು ದಿನದಂತೆ ಒಂದು ವರ್ಷ, ಡಾಕ್ಟರು, ನರ್ಸು, ಫಿಸಿಯೋ, ಫಾರ್ಮಸಿ ಶಿಕ್ಷಕರೆಲ್ಲ ಒಂದೇ ರೋಗಿಯ ಮಂಚದ ಸುತ್ತ ನಿಂತು ಕಲಿಯಲಿ. ಆಮೇಲೆ ಅವರ ಮಕ್ಕಳಿಗೆ ನಾಲ್ಕು ವಾರದ ಪೋಸ್ಟಿಂಗ್, ಅದಕ್ಕೆ ಪರೀಕ್ಷೆ, ಅದಕ್ಕೆ ಅಂಕ. ಅಂಕ ಇಲ್ಲದ್ದನ್ನು ಮಕ್ಕಳು ಓದುವುದಿಲ್ಲ. ಅದು ಅವರ ತಪ್ಪಲ್ಲ, ನಾವು ಬೆಳೆಸಿದ ಅಭ್ಯಾಸ.

ಆ ವಿದ್ಯಾರ್ಥಿನಿ ಈಗ ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ಫೋನ್ ಮಾಡಿದ್ದಳು. "ವಯಸ್ಸಾದವರು ಯಾರೇ ಅಡ್ಮಿಟ್ ಆಗಲಿ, ಕವರ್ ಸುರಿಸಿ ನೋಡ್ತೀನಿ ಮೇಡಂ" ಅಂದಳು. ಅವಳ ಬ್ಯಾಚಿನಲ್ಲಿ ಇನ್ನೂ ಮೂವತ್ತೊಂಬತ್ತು ಜನ ಇದ್ದರು. ಅವತ್ತು ಆ ಮಂಚದ ಹತ್ತಿರ ಅವರು ಇರಲಿಲ್ಲ.

ವಿರೋಧ: ಪುಸ್ತಕದಲ್ಲಿ ಇದೆ, ಹೊಸ್ತಿಲು ದಾಟಿಲ್ಲ

ವಯಸ್ಸಾದವರನ್ನು ನೋಡಿಕೊಳ್ಳಲು ಮಕ್ಕಳಿಗೆ ಬರಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಬೇರೆ ವಿಷಯ, ಬೇರೆ ವಿಭಾಗ, ಬೇರೆ ಪರೀಕ್ಷೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಪಠ್ಯ ತೆಗೆದು ನೋಡೋಣ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗಲೇ ಜನರಲ್ ಮೆಡಿಸಿನ್‌ನಲ್ಲಿ ಜೆರಿಯಾಟ್ರಿಕ್ಸ್, ಅಂದರೆ ವಯಸ್ಸಾದವರ ಚಿಕಿತ್ಸೆ, ಅಂತಲೇ ಒಂದು ಭಾಗ ಇಟ್ಟರು. ಕಮ್ಯುನಿಟಿ ಮೆಡಿಸಿನ್‌ನಲ್ಲಿ ಇನ್ನೊಂದು ಇದೆ. ಬಿಎಸ್ಸಿ ನರ್ಸಿಂಗ್‌ನ ಈಗಿನ ಪಠ್ಯದಲ್ಲಂತೂ ಒಂದು ಪೇಪರಿನ ಹೆಸರಿನಲ್ಲೇ ಜೆರಿಯಾಟ್ರಿಕ್ ನರ್ಸಿಂಗ್ ಸೇರಿದೆ. ಅಂದರೆ ಓದಲು ಏನೂ ಇಲ್ಲ ಅಂತಲ್ಲ. ಇರುವುದನ್ನೇ ಓದಿ, ಬರೆದು, ಪಾಸಾಗಿ ಬಂದ ಇಂಟರ್ನ್‌ಗಳು ನನ್ನ ಕೇಂದ್ರಕ್ಕೆ ಬರುತ್ತಾರೆ. ಬೀಳುವುದಕ್ಕೆ ಕಾರಣಗಳೇನು ಅಂತ ಕೇಳಿದರೆ ಹತ್ತು ಹೇಳುತ್ತಾರೆ. ಎದುರಿಗೆ ಗೋಡೆ ಹಿಡಿದುಕೊಂಡು ಬರುತ್ತಿರುವ ತಾತನನ್ನು ನೋಡುವುದಿಲ್ಲ.

ಒಬ್ಬ ತಾತನ ವಿಷಯ ಹೇಳುತ್ತೇನೆ. ಎರಡು ತಿಂಗಳಲ್ಲಿ ಮೂರು ಸಲ ಬಿದ್ದಿದ್ದರು. ಊರಾಚೆ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದರು. ತಲೆ ಸುತ್ತಿನ ಮಾತ್ರೆ, ಕ್ಯಾಲ್ಸಿಯಂ, ನರಕ್ಕೆ ಅಂತ ಇನ್ನೊಂದು ಬರೆದುಕೊಟ್ಟರು. ಮನೆಗೆ ಬಂದು ಮತ್ತೆ ಬಿದ್ದರು. ನಮ್ಮ ಆಶಾ ಕಾರ್ಯಕರ್ತೆ ಬಂದು, "ಸಾರ್, ಚೀಟಿ ನೋಡಿದ್ದು ಸಾಕು, ಒಂದ್ಸಲ ಮನೆಗೆ ಬನ್ನಿ" ಅಂದರು. ಒಬ್ಬ ಇಂಟರ್ನ್‌ನನ್ನೂ ಕರೆದುಕೊಂಡು ಹೋದೆ.

ಬಚ್ಚಲು ಮನೆಯ ಹೊರಗಿತ್ತು. ಹಿತ್ತಲ ಬಾಗಿಲಿನಿಂದ ಇಳಿಯಲು ಒಂದೂವರೆ ಅಡಿ ಎತ್ತರದ ಒಂದೇ ಒಂದು ಚಪ್ಪಡಿ. ಬಲ್ಬ್ ಇಲ್ಲ. ಬಾಗಿಲ ಹತ್ತಿರ ಇದ್ದ ಹವಾಯಿ ಚಪ್ಪಲಿಯ ಅಡಿ ಸವೆದು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ತಾತ ರಾತ್ರಿ ಮೂರು ಸಲ ಎದ್ದು ಹೋಗುತ್ತಿದ್ದರು. ಯಾಕೆ ಅಂದರೆ ಬಿಪಿ ಮಾತ್ರೆಯ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು, ಅದನ್ನು ಸಂಜೆ ನುಂಗುತ್ತಿದ್ದರು. ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿದೆ. ಮೊಮ್ಮಗನ ಗೆಳೆಯ ಮೇಸ್ತ್ರಿ ಕೆಲಸದವನು. ಅವನು ಅರ್ಧ ಮೂಟೆ ಸಿಮೆಂಟಿನಲ್ಲಿ ಎರಡು ಮೆಟ್ಟಿಲು ಕಟ್ಟಿದ, ಗೋಡೆಗೆ ಒಂದು ಕಬ್ಬಿಣದ ಪೈಪ್ ಹಾಕಿದ. ಪೈಪ್ ಎಷ್ಟು ಎತ್ತರಕ್ಕೆ ಬೇಕು ಅನ್ನುವ ಪ್ರಶ್ನೆ ಬಂದಾಗ ನನ್ನ ಇಂಟರ್ನ್ ತಾತನನ್ನೇ ಅಲ್ಲಿ ನಿಲ್ಲಿಸಿದ. ಅವರ ಕೈ ಎಲ್ಲಿಗೆ ಸಲೀಸಾಗಿ ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ. ಆ ಗೆರೆಯ ಮೇಲೆಯೇ ಪೈಪ್ ಬಂತು. ಆಮೇಲೆ ಒಂದು ವರ್ಷ ತಾತ ಬೀಳಲಿಲ್ಲ.

ಆ ಹುಡುಗನಿಗೆ ಇದನ್ನು ಯಾವ ಪೇಪರ್ ಕಲಿಸುತ್ತಿತ್ತು?

ಇನ್ನೊಂದು ಭಯ ನನಗಿದೆ. ಬೇರೆ ವಿಭಾಗ ಅಂತ ಆದ ಕೂಡಲೇ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಮಾಡಿದವರಿಗೆ ಈಗ ವಯಸ್ಸಾಗಿದೆ. ಕಲ್ಲಿನ ಧೂಳು ಕುಡಿದ ಶ್ವಾಸಕೋಶ, ಗಣಿಯ ಸದ್ದಿಗೆ ಮಂದವಾದ ಕಿವಿ, ಸವೆದ ಮಂಡಿ, ಹೆಂಡತಿ ತೀರಿಕೊಂಡ ಮೇಲಿನ ಒಂಟಿತನ, ಎಲ್ಲ ಒಬ್ಬರಲ್ಲೇ. ಅಂಥ ಒಬ್ಬರು ಮೊಮ್ಮಗಳ ಕೈ ಹಿಡಿದು ಬಸ್ ಹತ್ತಿ ಆಸ್ಪತ್ರೆಗೆ ಬಂದರೆ, "ವಯಸ್ಸಾದವರ ಕ್ಲಿನಿಕ್ ಬುಧವಾರ, ಅವತ್ತು ಬನ್ನಿ" ಅಂತ ಕಳಿಸುವುದು ಬಹಳ ಸುಲಭ. ಜೊತೆಗೆ ಬಂದ ಮೊಮ್ಮಗಳ ಒಂದು ದಿನದ ಕೂಲಿ ಹೋಯಿತು. ಮತ್ತೆ ಬುಧವಾರ ಇನ್ನೊಂದು ದಿನ. ಹೀಗೆ ವಾಪಸ್ ಕಳಿಸಿದ್ದನ್ನು ನಾನು ಬೇರೆ ವಿಭಾಗಗಳ ವಿಷಯದಲ್ಲಿ ಕಣ್ಣಾರೆ ನೋಡಿದ್ದೇನೆ. ಕಿವಿ ನೋಡುವವರು, ಕಣ್ಣು ನೋಡುವವರು, ಮೂಳೆ ನೋಡುವವರು, ಎಲ್ಲರೂ ತಮ್ಮೆದುರು ಕೂತ ವಯಸ್ಸಾದವರನ್ನು ತಾವೇ ಪೂರ್ತಿ ನೋಡಬೇಕು. ಇವರಲ್ಲಿ ಯಾರ ಬಾಗಿಲಲ್ಲಿ ವಯಸ್ಸಾದವರು ಕೂತಿಲ್ಲ ಹೇಳಿ?

ಅರವತ್ತು ದಾಟಿದವರೆಲ್ಲ ಒಂದೇ ಅಂತಲೂ ಅಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 65ರ ವಯಸ್ಸಿನಲ್ಲಿ ಕ್ರೇಟ್ ಎತ್ತುವವರು ಇದ್ದಾರೆ. ಅದೇ ವಯಸ್ಸಿಗೆ ಪಾರ್ಶ್ವವಾಯು ಬಡಿದು ಮಲಗಿದವರೂ ಇದ್ದಾರೆ. ಇಬ್ಬರನ್ನೂ ಒಂದೇ ಹಣೆಪಟ್ಟಿಯ ಕೆಳಗೆ ತಂದರೆ ಕ್ರೇಟ್ ಎತ್ತುವವರ ಎದೆನೋವನ್ನೂ ವಯಸ್ಸಿನ ಖಾತೆಗೆ ಬರೆಯುತ್ತಾರೆ.

ಅಂಕ ಇದ್ದರೆ ಮಾತ್ರ ಮಕ್ಕಳು ಓದುತ್ತಾರೆ ಅನ್ನುವ ಮಾತಿದೆ. ಸರಿ, ಅಂಕ ಇಡೋಣ. ಆದರೆ ಈಗಿರುವ ಪರೀಕ್ಷೆಗಳಲ್ಲೇ ಇಡೋಣ. ಮೆಡಿಸಿನ್, ಸರ್ಜರಿ, ಮೂಳೆ, ಕಣ್ಣು, ಯಾವ ಪ್ರಾಕ್ಟಿಕಲ್ ಆಗಲಿ, ಒಂದು ಕೇಸ್ ಎಪ್ಪತ್ತು ದಾಟಿದವರದ್ದು ಇರಲಿ. "ಇವರ ಮನೆಯಲ್ಲಿ ಯಾರಿದ್ದಾರೆ, ಅಡುಗೆ ಯಾರು ಮಾಡುತ್ತಾರೆ, ಮಾತ್ರೆ ಯಾರು ಕೊಡುತ್ತಾರೆ" ಅಂತ ಪರೀಕ್ಷಕರು ಕೇಳಲಿ. ಹೊಸ ಪೇಪರ್ ತಂದರೆ ಹೊಸ ರೆಕಾರ್ಡ್ ಬುಕ್ ಬರುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಒಬ್ಬರದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ. ನಾನೂ ಓದುವಾಗ ಮಾಡಿದವನೇ, ಆ ನಕಲಿನಿಂದ ನನಗೇನೂ ಬರಲಿಲ್ಲ.

ಶಿಕ್ಷಕರಿಗೆ ತರಬೇತಿ ಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಅದು ಎರಡು ದಿನದ ಕಾರ್ಯಾಗಾರ, ಒಂದು ಸರ್ಟಿಫಿಕೇಟ್, ಒಂದು ಗ್ರೂಪ್ ಫೋಟೋ ಆಗಬಾರದು ಅಷ್ಟೇ. ಹೊಸ ವಿಭಾಗಕ್ಕೆ ಬೇಕಾದ ಕಟ್ಟಡ, ಕುರ್ಚಿ, ಹುದ್ದೆಗಳ ದುಡ್ಡಿನಲ್ಲಿ ತಾಲ್ಲೂಕಿಗೆ ಇನ್ನಿಬ್ಬರು ಫಿಸಿಯೋಥೆರಪಿಸ್ಟ್ ಬರಲಿ. ಮಲಗಿದ ಹಿರಿಯರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅಂತ ಎಲ್ಲ ಪುಸ್ತಕದಲ್ಲೂ ಇದೆ. ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬರೇ ನರ್ಸ್ ಇದ್ದರೆ ಯಾರನ್ನು ಅಂತ ತಿರುಗಿಸುತ್ತಾರೆ? ಮನೆ ಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಿಂದಲೇ. ಆ ತಂಡದ ಜೊತೆ ಮೆಡಿಕಲ್, ನರ್ಸಿಂಗ್, ಫಾರ್ಮಸಿ ಮಕ್ಕಳು ಮನೆಮನೆಗೆ ನಡೆಯಲಿ. ಅವರ ಪ್ರೊಫೆಸರೂ ನಡೆಯಲಿ.

ಇದಕ್ಕೆ ದಾರಿಯೂ ಆಗಲೇ ಇದೆ. ಈಗ ಎಂಬಿಬಿಎಸ್ ಮಕ್ಕಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಬೇಕು ಅಂತ ನಿಯಮವಿದೆ. ನಮ್ಮ ಊರಿಗೂ ಕಾಲೇಜು ಬಸ್ ಬರುತ್ತದೆ. ಹನ್ನೊಂದಕ್ಕೆ ಬಂದು ಒಂದಕ್ಕೆ ಹೊರಡುತ್ತದೆ. ಆ ಹೊತ್ತಿಗೆ ಮನೆಯ ದುಡಿಯುವವರೆಲ್ಲ ಹೊಲಕ್ಕೋ ಫ್ಯಾಕ್ಟರಿಗೋ ಹೋಗಿರುತ್ತಾರೆ. ಜಗಲಿಯ ಮೇಲೆ ಕೂತು ಆ ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವವರು ಅಜ್ಜಿ, ತಾತಂದಿರೇ. ಮಕ್ಕಳು ತೂಕ, ಎತ್ತರ, ಬಿಪಿ ಬರೆದುಕೊಂಡು ಬಸ್ ಹತ್ತುತ್ತಾರೆ. ಅಜ್ಜಿ "ಊಟ ಮಾಡ್ಕೊಂಡು ಹೋಗ್ರಪ್ಪಾ" ಅಂತ ಹಿಂದಿನಿಂದ ಕರೆಯುತ್ತಿರುತ್ತಾರೆ.

ಆ ಬಸ್ ಒಂದಕ್ಕೆ ಹೊರಡುವುದು ಬೇಡ, ಮೂರಕ್ಕೆ ಹೊರಡಲಿ. ತಾತ ಊಟಕ್ಕೆ ಕೂರುವುದು ಎರಡು ಗಂಟೆಗೆ. ಮುದ್ದೆ ಮಾಡಿಟ್ಟು ಹೋದವರು ಯಾರು, ಅದು ಎಷ್ಟು ಹೊತ್ತಿನಿಂದ ಆರಿದೆ, ಎಷ್ಟು ತುತ್ತು ಇಳಿಯಿತು, ನುಂಗುವಾಗ ಕೆಮ್ಮು ಬಂತಾ, ಊಟವಾದ ಮೇಲೆ ಯಾವ ಮಾತ್ರೆ ನುಂಗಿದರು, ಯಾವುದನ್ನು ನಾಳೆಗಿರಲಿ ಅಂತ ಮತ್ತೆ ಕವರಿಗೆ ಹಾಕಿದರು, ಅದೆಲ್ಲ ಕಾಣುವುದು ಆಗಲೇ.